ಡಿಡಿಟಿ ವೆಂಕಪ್ಪ ಮತ್ತು ಕಡಲಿನ ಗಂಡಾಮೆ

ನನ್ನ ಗಂಡನಿಗೆ ಸೊಳ್ಳೆ ಕಚ್ಚುತ್ತಿರಲಿಲ್ಲ. ಇದು ಹೊಗಳಿಕೆಯ ಮಾತಲ್ಲ, ಇದ್ದ ಸಂಗತಿ. ನರಿಕೊಂಬು ಹೊಳೆಬದಿಯ ಊರು. ಸಂಜೆಯಾಯಿತೆಂದರೆ ಊರಿಡೀ ಚಟ್‌ಚಟ್ ಎಂದು ಕೈಕಾಲು ಬಡಿದುಕೊಳ್ಳುವ ಸದ್ದು. ಆಗ ಇವರೊಬ್ಬರು ಮಾತ್ರ ಜಗಲಿಯಲ್ಲಿ ಬರಿಮೈಯಲ್ಲಿ, ಕಲ್ಲಿನ ಮೂರ್ತಿಯ ಹಾಗೆ ಕುಳಿತಿರುತ್ತಿದ್ದರು. ಸೊಳ್ಳೆ ಅವರಿಂದ ಒಂದು ಗಜ ದೂರದವರೆಗೆ ಬಂದು, ವಾಸನೆ ಹಿಡಿದು, ನನ್ನ ಕಡೆಗೆ ತಿರುಗಿಬಿಡುತ್ತಿತ್ತು.

ಅವರ ಹೆಸರು ವೆಂಕಪ್ಪ. ಗಂಡನ ಹೆಸರು ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅವರು ಹೋಗಿ ಹನ್ನೊಂದು ವರ್ಷವಾಯಿತು, ಇನ್ನು ಕಡಿಮೆಯಾಗಲಿಕ್ಕೆ ಏನೂ ಉಳಿದಿಲ್ಲ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಆಚೆ ಮೂಡಬಿದ್ರೆಯವರೆಗೆ ಎಲ್ಲರಿಗೂ ಅವರು ಡಿಡಿಟಿ ವೆಂಕಪ್ಪ. ಮಲೇರಿಯಾ ಬಾರದಿರಲಿ ಎಂದು ಮನೆಮನೆಯ ಗೋಡೆಗೆ ಮದ್ದು ಬಿಡುವ ಐದು ಜನರ ತಂಡದಲ್ಲಿ ಇವರು ಮುಖ್ಯ. ಒಬ್ಬ ಬಕೆಟಿನಲ್ಲಿ ಪಂಪು ಒತ್ತುತ್ತಿದ್ದ, ಇವರು ಉದ್ದದ ಕೊಳವೆ ಹಿಡಿದು ಗೋಡೆಗೆ ಬಿಡುತ್ತಿದ್ದರು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಒಂದು ಗೆರೆ ಇನ್ನೊಂದರ ಮೇಲೆ ಬೀಳದ ಹಾಗೆ. ಮುಂಡಾಜೆಯಲ್ಲಿ ಒಬ್ಬರು ಸುಣ್ಣ ಹೊಡೆಸುವ ಮೊದಲು ‘ವೆಂಕಪ್ಪ ಬಂದು ಹೋಗಲಿ, ಅಷ್ಟು ಬಿಳಿ ಸಾಕು’ ಎಂದು ಕಾಯುತ್ತಿದ್ದರಂತೆ. ಸಂಜೆ ಮನೆಗೆ ಬರುವಾಗ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಮದುವೆಯ ಮರುವಾರ ಆ ವೇಷ ನೋಡಿ ನಾನು, ಯಾರೋ ಮುದುಕರು ಬಂದರೆಂದು ಕಾಲಿಗೆ ನೀರು ಕೊಟ್ಟಿದ್ದೆ.

ಅವರು ನಿಯಮದ ಮನುಷ್ಯ. ಮದ್ದು ಬಿಟ್ಟ ಮನೆಯ ಬಾಗಿಲ ಪಕ್ಕ ಕಾವಿಯಲ್ಲಿ ತಾರೀಕು ಬರೆಯಬೇಕು. ಬೀಗ ಹಾಕಿದ್ದರೆ ‘ಬೀ’. ಮನೆಯವರು ಬೇಡ ಎಂದರೆ ‘ನಿ’, ಅಂದರೆ ನಿರಾಕರಣೆ. ‘ನಿ’ ಬಿದ್ದ ಮನೆಗೆ ಮೂರು ಸಲ ಹೋಗಿ ಕೈಮುಗಿದು ಕೇಳಬೇಕು, ಸ್ವರ ಏರಿಸಬಾರದು. ಮೂರನೆಯ ಸಲವೂ ಬೇಡ ಎಂದರೆ ಕೆಳಗೆ ತಾರೀಕು ಹಾಕಿ ಬಿಟ್ಟುಬಿಡಬೇಕು. ‘ನಿ’ಯನ್ನು ಅಳಿಸುವ ಅಧಿಕಾರ ಮದ್ದಿನವನಿಗೆ ಇಲ್ಲ. ತೋಡಾರಿನ ಒಬ್ಬ ಅಜ್ಜಿ ‘ನಿಮ್ಮ ಮದ್ದು ಬಿಟ್ಟ ಮೇಲೆ ಸೊಳ್ಳೆ ಸಾಯಲಿಲ್ಲ, ತಗಣೆ ದಪ್ಪವಾಯಿತು’ ಎಂದು ಸೌದೆ ಹಿಡಿದು ಅಟ್ಟಿಸಿಕೊಂಡು ಬಂದಾಗಲೂ ಇವರು ಓಡುತ್ತಾ ಓಡುತ್ತಾ ಕೈಮುಗಿದು, ‘ಅಮ್ಮಾ, ಇದು ನಿಮ್ಮ ಒಳ್ಳೆಯದಕ್ಕೇ, ಪಾತ್ರೆ ಮುಚ್ಚಿಡಿ, ಕೋಳಿ ಹೊರಗೆ ಬಿಡಿ, ಹತ್ತು ನಿಮಿಷದಲ್ಲಿ ಹೋಗ್ತೇವೆ’ ಎಂದು ಹೇಳಿಯೇ ಓಡಿದವರು.

ಇಷ್ಟು ನಿಯಮದವರು ಒಂದೇ ಒಂದು ನಿಯಮ ಮುರಿಯುತ್ತಿದ್ದರು. ಬಕೆಟು, ಪಂಪು ತೊಳೆದ ನೀರನ್ನು ದೂರದಲ್ಲಿ ಗುಂಡಿ ತೋಡಿ ಹಾಕಬೇಕು ಎಂದು ಇತ್ತು. ಇವರು ನಮ್ಮ ಮನೆಯ ಕೆಳಗಿನ ಹೊಳೆಯ ಕಲ್ಲಿನಲ್ಲಿ ತೊಳೆಯುತ್ತಿದ್ದರು. ಅಕ್ಕಚ್ಚಿನ ಹಾಗೆ ಬೆಳ್ಳಗಿನ ನೀರು ನೇತ್ರಾವತಿಯಲ್ಲಿ ಸ್ವಲ್ಪ ದೂರ ಗೆರೆಯಾಗಿ ಹೋಗಿ ಕಾಣದಾಗುತ್ತಿತ್ತು. ಕಾಣದಾದದ್ದು ಇಲ್ಲವಾಯಿತು ಎಂದೇ ನಾವೆಲ್ಲ ತಿಳಿದಿದ್ದೆವು. ಅದೇ ಕಲ್ಲಿನಲ್ಲಿ ನಾನು ಅವರ ಅಂಗಿ ಒಗೆಯುತ್ತಿದ್ದೆ.

ನಮ್ಮ ಮದುವೆಯಾದದ್ದು ಬಂಟ್ವಾಳಕ್ಕೆ ದೊಡ್ಡ ನೆರೆ ಬಂದ ಮರುವರ್ಷ, ಎಪ್ಪತ್ತೈದರಲ್ಲಿ. ಎಂಟು ವರ್ಷವಾದರೂ ಮಕ್ಕಳಾಗಲಿಲ್ಲ. ಇವರ ತಾಯಿಗೆ, ನಮ್ಮಲ್ಲಿ ಅತ್ತೆಗೆ ಮಾಮಿ ಎನ್ನುವುದು, ಅದೊಂದೇ ಮಾತು.

“ಬಾಳೆಯೂ ವರ್ಷಕ್ಕೊಂದು ಕಂದು ಹಾಕ್ತದೆ” ಎನ್ನುವರು, ನಾನು ಬಾಳೆಯ ಬುಡದಲ್ಲಿ ಪಾತ್ರೆ ತಿಕ್ಕುತ್ತಿರುವಾಗಲೇ.

ನಾಟಿಮದ್ದು ಕುಡಿದೆ, ಹರಕೆ ಹೊತ್ತೆ, ಬೂದಿ ತಿಂದೆ. ಮಾಮಿ ಕೊಟ್ಟ ಕಷಾಯಗಳಿಂದ ನನ್ನ ಹೊಟ್ಟೆಯೊಳಗೆ ಒಂದು ತಗಣೆಯೂ ಬದುಕಿ ಉಳಿಯಲಿಕ್ಕಿಲ್ಲ. ಇವರಿಗೆ ಮಾತ್ರ ಯಾರೂ ಒಂದು ಚಮಚ ಕಷಾಯ ಕೊಡಲಿಲ್ಲ. ಗಂಡಸಲ್ಲವೇ!

ಎಂಬತ್ತಮೂರರ ಮಳೆಗಾಲ ಮುಗಿಯುವಾಗ ಮಾಮಿ ಮುಂಡಾಜೆಯಲ್ಲಿ ಒಂದು ಹುಡುಗಿಯನ್ನು ನೋಡಿಟ್ಟರು, ಮಗನಿಗೆ ಎರಡನೆಯವಳಾಗಿ. ಹುಡುಗಿಯ ಅಣ್ಣ ಶೇಖರ ಚಾರ್ಮಾಡಿಯ ಬಸ್ಸಿನಲ್ಲಿ ಕಂಡಕ್ಟರ್.

“ನಿನ್ನನ್ನು ಹೋಗು ಹೇಳಿದವರು ಯಾರು? ಇಲ್ಲೇ ಇರು. ಅವಳು ಹೆರಲಿ, ನೀನು ಆಡಿಸು. ನಿನಗೂ ಕೈಗೊಂದು ಮಗು ಸಿಗ್ತದೆ” ಎಂದರು ಮಾಮಿ, ದೊಡ್ಡ ಉಪಕಾರ ಮಾಡಿದವರ ಹಾಗೆ.

ನಾನು ಇವರ ಮುಖ ನೋಡಿದೆ. ಇವರು ಪಂಪಿನ ಮುಖ ನೋಡಿದರು.

“ನೀವು ಎಂತ ಹೇಳ್ತೀರಿ?”

“ಅಮ್ಮ ಹೇಳುವುದು ಹೇಳ್ತಾರೆ. ನೀನು ಕೇಳುವುದು ಕೇಳು” ಎಂದು ಪಂಪಿಗೆ ಎಣ್ಣೆ ಬಿಟ್ಟರು. ಊರಿಡೀ ಸೊಳ್ಳೆಗೆ ಯಮನಾಗಿದ್ದವರು ತಾಯಿಯ ಎದುರು ಸೊಳ್ಳೆಗಿಂತ ಸಣ್ಣ.

ಆಮೆ ನಮ್ಮ ಮನೆಗೆ ಬಂದದ್ದು ಆಗ. ಆಮೆ ಬರಲಿಲ್ಲ, ಅದರ ಸುದ್ದಿ ಬಂತು.

ದೀಪಾವಳಿ ಕಳೆದ ಮರುವಾರ. ಸಂಜೆ ಇವರು ಕಲ್ಲಿನಲ್ಲಿ ಬಕೆಟು ತೊಳೆಯುತ್ತಿದ್ದರು, ನಾನು ಸ್ವಲ್ಪ ಮೇಲೆ ಅಂಗಿ ಒಗೆಯುತ್ತಿದ್ದೆ. ನೆರೆಮನೆಯ ಅಬ್ಬಾಸ್ ಬ್ಯಾರಿ ಮೀನಿನ ಬುಟ್ಟಿ ತೊಳೆಯಲಿಕ್ಕೆ ಬಂದಿದ್ದರು. ಬೆಳಿಗ್ಗೆ ಮಂಗಳೂರಿನಲ್ಲಿ ದೋಣಿ ನಿಲ್ಲುವ ದಕ್ಕೆಯಿಂದ ಮೀನು ತಂದು ಬಂಟ್ವಾಳದಲ್ಲಿ ಸೈಕಲಿನ ಮೇಲೆ ಮಾರಿ, ಉಳಿದದ್ದನ್ನು ಬಸ್ಸಿನಲ್ಲಿ ಬೆಳ್ತಂಗಡಿಗೆ ಸಾಗಿಸುವವರು ಅವರು. ಆಗ ದಡದಲ್ಲಿ ಕನ್ನಡಕದ ಒಬ್ಬರು ಚೀಲದ ತುಂಬ ಸಣ್ಣ ಸಣ್ಣ ಬಾಟಲಿ ಹಿಡಿದು ಇಳಿದು ಬಂದರು.

“ಇಲ್ಲಿ ಡಿಡಿಟಿ ಬಕೆಟು ತೊಳೆಯುವವರು ಯಾರು?”

ಆ ವರ್ಷ ಒಳ್ಳೆಯ ಕೆಲಸಗಾರರಿಗೆ ಸರ್ಟಿಫಿಕೇಟು ಕೊಡುತ್ತಾರೆಂದು ಸುದ್ದಿ ಇತ್ತು. ಇವರು ಎದ್ದು ನಿಂತು, ಒದ್ದೆ ಕೈಯಲ್ಲೇ ಅಂಗಿಯ ಗುಂಡಿ ಹಾಕಿಕೊಂಡರು. “ನಾನೇ ಸ್ವಾಮಿ! ಹನ್ನೆರಡು ವರ್ಷದಿಂದ ಇದೇ ಕಲ್ಲಿನಲ್ಲಿ. ಒಂದು ದಿನ ತಪ್ಪಿಸಿದ್ದಿಲ್ಲ.”

ಬಂದವರು ಪರಮೇಶ್ವರ ಮಾಸ್ಟ್ರು. ಮೂಡಬಿದ್ರೆಯವರು, ಮಂಗಳೂರಿನಲ್ಲಿ ಕಾಲೇಜಿಗೆ ಕಲಿಸುವವರು. ಅವರನ್ನು ಕಂಡದ್ದೇ ಅಬ್ಬಾಸರು, “ಓ, ಆಮೆ ಮಾಸ್ಟ್ರು!” ಎಂದರು. ದಕ್ಕೆಯಲ್ಲಿ ಬಲೆಗೆ ಸಿಕ್ಕಿದ ಕಡಲಾಮೆಗಳ ರಕ್ತವನ್ನು ಸೂಜಿಯಲ್ಲಿ ತೆಗೆದು, ಮತ್ತೆ ಕಡಲಿಗೆ ಬಿಡಿಸುವುದು ಮಾಸ್ಟ್ರ ಕೆಲಸವಂತೆ.

“ಮೊನ್ನೆ ಆಮೆಯ ಕೈ ಹಿಡಿದದ್ದೇ ನಾನು” ಎಂದರು ಅಬ್ಬಾಸರು. “ಇಷ್ಟುದ್ದ ಬಾಲ. ಪಕ್ಕಾ ಗಂಡು!”

“ಗಂಡೇ” ಎಂದರು ಮಾಸ್ಟ್ರು. “ಆದರೆ ಅದರ ರಕ್ತದಲ್ಲಿ ಮೊಟ್ಟೆಯ ಹಳದಿ ಕಟ್ಟುವ ಸತ್ವ ಸಿಕ್ಕಿತು. ಅದು ಹೆಣ್ಣಿನಲ್ಲಿ ಇರಬೇಕಾದ್ದು. ಹಾರ್ಮೋನು ಏರುಪೇರಾಗಿದೆ ಅಂತ ನನ್ನ ಸಂಶಯ.”

“ಹಾರ್ಮೋನಿಯಂ ನಮ್ಮ ಭಜನಾ ಮಂದಿರದಲ್ಲಿ ಉಂಟು” ಎಂದರು ಇವರು. “ಆಮೆಗೆ ಯಾಕೆ?”

ಮಾಸ್ಟ್ರು ನಗಲಿಲ್ಲ. ಕಲ್ಲಿನ ಮೇಲೆ ಕುಳಿತರು. “ಅದೇ ಅಂತ ತಿಳಿಯಿರಿ. ಪ್ರತಿ ದೇಹದೊಳಗೆ ಒಂದು ಹಾರ್ಮೋನಿಯಂ ಉಂಟು. ಯಾವ ಹೊತ್ತಿಗೆ ಯಾವ ಕರಿ, ಯಾವ ಬಿಳಿ ಒತ್ತಬೇಕೋ ಅದನ್ನೇ ಒತ್ತಿದರೆ ಗಂಡು ಗಂಡಾಗಿರ್ತದೆ, ಹೆಣ್ಣು ಮೊಟ್ಟೆ ಇಡ್ತದೆ. ಈ ಡಿಡಿಟಿಯಲ್ಲಿ ಒಂದು ಅಂಶ ಉಂಟು, ಅದರ ಬೆರಳು ಹೆಣ್ಣಿನ ಹಾರ್ಮೋನಿನ ಬೆರಳಿನ ಹಾಗೆಯೇ. ದೇಹಕ್ಕೆ ಗುರುತು ಸಿಗುವುದಿಲ್ಲ. ಯಾರು ಒತ್ತಿದರೂ ಸ್ವರ ಬರ್ತದಲ್ವಾ? ಹಾಗೆ. ಮತ್ತೆ ಅದು ಕರಗಿ ಹೋಗುವ ಜಾತಿಯದ್ದಲ್ಲ. ಕೊಬ್ಬಿನಲ್ಲಿ ಕೂತುಬಿಡ್ತದೆ. ಸಿಗಡಿಯದ್ದು ಮೀನಿಗೆ, ಮೀನಿನದ್ದು ಆಮೆಗೆ.”

“ಹಾಗಾದರೆ ಆ ಗಂಡಾಮೆ ಮೊಟ್ಟೆ ಇಡ್ತದಾ?” ಅಬ್ಬಾಸರ ಬುಟ್ಟಿ ತೇಲಿ ಹೋಗುತ್ತಿದ್ದದ್ದು ಅವರಿಗೆ ಗೊತ್ತಾಗಲಿಲ್ಲ.

“ಇಲ್ಲ ಬ್ಯಾರಿಗಳೇ. ಇಡ್ಲಿಕ್ಕೆ ಒಳಗೆ ಜಾಗ ಬೇಕಲ್ಲ.”

ನನಗೆ ಆಗ ಎಲ್ಲಿಂದ ಧೈರ್ಯ ಬಂತೋ! ಕೈಯಲ್ಲಿದ್ದ ಅಂಗಿ ಹಿಂಡದೆ ಹಾಗೆಯೇ ಹಿಡಿದು ಕೇಳಿದೆ, “ಮನುಷ್ಯರಿಗೆ, ಮಾಸ್ಟ್ರೇ?”

“ಹಾಗೆ ಹೇಳ್ಲಿಕ್ಕೆ ಬರುವುದಿಲ್ಲಮ್ಮ” ಎಂದರು. “ಆಮೆಯದ್ದೇ ನನಗೆ ಪೂರ್ತಿ ಗೊತ್ತಾಗಿಲ್ಲ. ಈ ಹೊಳೆಯ ಡಿಡಿಟಿಯೇ ಅಲ್ಲಿಗೆ ಬಂದದ್ದು ಅಂತಲೂ ಹೇಳ್ಲಿಕ್ಕೆ ಬರುವುದಿಲ್ಲ. ಅದಕ್ಕೇ ನೀರು ಕೊಂಡುಹೋಗ್ತಾ ಇದ್ದೇನೆ. ಆದರೆ ಇದನ್ನು ಗುಂಡಿಗೆ ಹಾಕಬೇಕೆಂದು ನಿಯಮ ಇಲ್ವಾ ವೆಂಕಪ್ಪನವರೇ?”

ನಿಯಮ ಎಂಬ ಮಾತು ಕೇಳಿದ್ದೇ ಇವರ ಕುತ್ತಿಗೆ ಅಂಗಿಯೊಳಗೆ ಹೋಯಿತು. ಆಮೆಯ ಹಾಗೆಯೇ. ಅರ್ಧ ತೊಳೆದ ಬಕೆಟನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದರು.

ಮರುದಿನ ಬೆಳಿಗ್ಗೆ ಅಬ್ಬಾಸರ ಹೆಂಡತಿ ಶಹರ್ಬಾನು ಬೇಲಿಯ ಹತ್ತಿರ ಬಂದಳು. ನನ್ನ ಕಷ್ಟ ಗೊತ್ತಿದ್ದವಳು ಅವಳೊಬ್ಬಳೇ.

“ನಿನ್ನ ಮಾಮಿ ಎಂಟು ವರ್ಷ ನಿನ್ನ ಹೊಟ್ಟೆಯನ್ನೇ ನೋಡಿದ್ರಲ್ಲ ಕಲ್ಯಾಣೀ. ಇನ್ನು ಸ್ವಲ್ಪ ಮಗನ ಹೊಟ್ಟೆಯನ್ನೂ ನೋಡ್ಲಿ.”

“ಮಾಸ್ಟ್ರು ಹಾಗೆ ಹೇಳ್ಲಿಲ್ಲ ಮಾರಾಯ್ತಿ. ಹೇಳ್ಲಿಕ್ಕೆ ಬರುವುದಿಲ್ಲ ಅಂದ್ರು.”

“ನೀನು ಎಂತದೂ ಹೇಳ್ಬೇಡ. ಸುದ್ದಿ ಮೀನಿನ ಒಟ್ಟಿಗೆ ಹೋಗ್ತದೆ.”

ಹೋಯಿತು. ಮೊದಲ ದಿನ ಬಂಟ್ವಾಳ ಪೇಟೆಯಲ್ಲಿ, ವೆಂಕಪ್ಪಣ್ಣನ ಮದ್ದಿನಿಂದ ಕಡಲಿನ ಗಂಡಾಮೆ ಹೆಣ್ಣಾಗಿದೆಯಂತೆ ಎಂದಾಯಿತು. ಮರುದಿನ, ವೆಂಕಪ್ಪಣ್ಣನೂ ಆಗ್ತಾ ಇದ್ದಾರಂತೆ. ಬೆಳ್ತಂಗಡಿಗೆ ತಲುಪುವಾಗ ಇವರು ಎರಡು ಮೊಟ್ಟೆ ಇಟ್ಟಿದ್ದರು. ಮೂಡಬಿದ್ರೆಯಲ್ಲಿ ಇವರನ್ನು ಹೆರಿಗೆ ಆಸ್ಪತ್ರೆಗೆ ಸೇರಿಸಿಯೂ ಆಗಿತ್ತು. ನಾನು ಅಬ್ಬಾಸರನ್ನು ಕೇಳಿದೆ.

“ನನ್ನಾಣೆ, ನಾನು ಆಮೆಯ ವಿಷಯ ಮಾತ್ರ ಹೇಳಿದ್ದು ಕಲ್ಯಾಣಕ್ಕಾ. ಒಂದೇ ಬಂಗುಡೆ ಒಂದೊಂದು ಮನೆಯಲ್ಲಿ ಒಂದೊಂದು ರುಚಿ ಆಗ್ತದೆ. ಅದಕ್ಕೆ ನಾನು ಜವಾಬ್ದಾರಿಯಾ?”

ಇವರಿಗೆ ಸುದ್ದಿ ತಲುಪಿತ್ತು ಎಂದು ನನಗೆ ಗೊತ್ತಾದದ್ದು ಕನ್ನಡಿಯಿಂದ. ಗಡ್ಡ ತೆಗೆಯುವಾಗ ಮೀಸೆಯನ್ನು ಎಳೆದೆಳೆದು ನೋಡುತ್ತಿದ್ದರು. ಒಮ್ಮೆ ಬಚ್ಚಲಿನೊಳಗೆ ದಪ್ಪ ಸ್ವರದಲ್ಲಿ ಭಜನೆ ಹೇಳಿ, ನಿಲ್ಲಿಸಿ, ಇನ್ನೂ ದಪ್ಪ ಸ್ವರದಲ್ಲಿ ಹೇಳಿದರು. ಮಾಮಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು?

ಶನಿವಾರ ಬೆಳಿಗ್ಗೆ ಮಾಮಿ, “ನಾಳೆ ಶೇಖರ ಮನೆ ನೋಡ್ಲಿಕ್ಕೆ ಬರ್ತಾನೆ. ಪಾಯಸಕ್ಕೆ ಬೆಲ್ಲ ಉಂಟಾ ನೋಡು” ಎಂದರು.

ಬೆಲ್ಲ ಇತ್ತು. ಅದರ ಪಕ್ಕದಲ್ಲಿ ಇವರ ಕಾವಿಯ ಡಬ್ಬಿಯೂ ಇತ್ತು. ನಾನು ಮೂರನೇ ಕ್ಲಾಸಿನವರೆಗೆ ಶಾಲೆಗೆ ಹೋದವಳು. ಬಾಗಿಲ ಪಕ್ಕ, ಇವರು ಬರೆಯುವ ಜಾಗದಲ್ಲಿಯೇ, ಇವರು ಬರೆಯುವಷ್ಟೇ ದೊಡ್ಡದಾಗಿ ‘ನಿ’ ಎಂದು ಬರೆದೆ. ಗುಡಿಸು ಸ್ವಲ್ಪ ಸೊಟ್ಟಗಾಯಿತು.

“ಅದೆಂತ ಕೆಂಪು?” ಎಂದರು ಓದು ಬಾರದ ಮಾಮಿ.

“ಮದ್ದಿನವರ ಗುರುತು, ಮಾಮಿ.”

ಮಧ್ಯಾಹ್ನ ಇವರು ಬಂದರು. ಗೋಡೆ ನೋಡಿ ಅಂಗಳದಲ್ಲೇ ನಿಂತರು.

“ಇದು ಯಾರು ಬರೆದದ್ದು?”

“ಮನೆಯವರು.”

“ಎಂತದಕ್ಕೆ?”

“ನಾಳೆ ಬರುವುದಕ್ಕೆ.”

ಅಭ್ಯಾಸಬಲ ನೋಡಿ! ಹನ್ನೆರಡು ವರ್ಷ ‘ನಿ’ಯ ಎದುರು ಜೋಡಿಸಿದ ಕೈ ತಾನಾಗಿಯೇ ಜೋಡಿಸಿಕೊಂಡಿತು. “ಅಮ್ಮಾ, ಇದು ನಿಮ್ಮ ಒಳ್ಳೆಯದಕ್ಕೇ, ಪಾತ್ರೆ ಮುಚ್ಚಿಡಿ...” ಎಂದು ಸುರು ಮಾಡಿ, ತನ್ನ ಸ್ವರ ತನಗೇ ಕೇಳಿಸಿ ನಿಲ್ಲಿಸಿದರು.

“ಪಾತ್ರೆ ಮುಚ್ಚಿಡ್ತೇನೆ” ಎಂದೆ. “ಒಳ್ಳೆಯದು ಯಾರದ್ದು ಅಂತ ಹೇಳಿ.”

ಕಾಲು ತೊಳೆದು ಒಳಗೆ ಹೋದರು. ಅದು ಒಂದನೆಯ ಸಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು, ನೆಲ ನೋಡುತ್ತಾ, “ಎರಡನೇ ಸಲ ಕೇಳ್ತಾ ಇದ್ದೇನೆ” ಎಂದರು.

“ಬೇಡ.”

“ಅಮ್ಮನಿಗೆ ಎಂತ ಹೇಳುವುದು?”

“ನಿಮ್ಮ ಬಾಯಿಯ ಮೇಲೆ ‘ಬೀ’ ಅಂತ ಬರೆದುಕೊಳ್ಳಿ. ಹೇಗೂ ಬೀಗ ಹಾಕಿಯೇ ಉಂಟಲ್ಲ.”

ಹನ್ನೊಂದು ಗಂಟೆಗೆ ಶೇಖರ ಬಂದ. ಬೆಂಚಿನ ಆಚೆ ತುದಿಯಲ್ಲಿ, ಇವರಿಂದ ಆದಷ್ಟು ದೂರ ಕುಳಿತ. ಇವರ ಕುತ್ತಿಗೆ, ಬೆನ್ನು, ಹೊಟ್ಟೆ ಎಲ್ಲ ಕಣ್ಣಿನಲ್ಲೇ ಅಳೆದ. ನಾನು ಬಾಗಿಲ ಹಿಂದೆ ಪಾಯಸದ ಲೋಟ ಹಿಡಿದು ನಿಂತಿದ್ದೆ.

“ಭಾವಾ, ಒಂದು ಕೇಳ್ತೇನೆ, ಬೇಸರ ಮಾಡ್ಬೇಡಿ” ಎಂದ. “ಬಸ್ಸಿನಲ್ಲಿ ದಿನಾ ಕೇಳ್ತಾ ಇದ್ದೇನೆ. ಈ... ಮೊಟ್ಟೆಯ ವಿಷಯ ಹೌದಾ?”

ಇವರ ಮುಖ ಕಾವಿಯಾಯಿತು. ಮಾಮಿಗೆ ಮಾತ್ರ ಸಂತೋಷವೇ ಸಂತೋಷ. ನೆಂಟ ಬಾಯಿಬಿಟ್ಟು ಕೇಳಿದ್ದಾನೆ!

“ಮೊಟ್ಟೆಗೆ ಸಂಕೋಚ ಎಂತದು ಮಗಾ? ಇದು ನಿನ್ನದೇ ಮನೆ. ಕಲ್ಯಾಣೀ, ಮೊಟ್ಟೆ ಉಂಟಾ?”

“ಉಂಟು ಮಾಮಿ” ಎಂದೆ. “ಎರಡು.”

ಶೇಖರ ಎದ್ದು ನಿಂತುಬಿಟ್ಟ.

“ಬೇಯಿಸಿ ಕೊಡ್ತಾಳೆ, ಕೂತ್ಕೋ!” ಎಂದು ಮಾಮಿ ಅವನ ಕೈ ಹಿಡಿದು ಎಳೆದರು. “ನಮ್ಮ ವೆಂಕಪ್ಪನೇ ಬೆಳಿಗ್ಗೆ ತಂದಿಟ್ಟದ್ದು. ಇನ್ನೂ ಬಿಸಿ ಉಂಟು!”

ಕೋಳಿಗೂಡಿನಿಂದ ತಂದದ್ದು ಎಂದು ಹೇಳಲಿಕ್ಕೆ ಇವರು ಬಾಯಿ ತೆರೆದರು. ಬಂದದ್ದು ಸಣ್ಣ ಕೀಚು ಸ್ವರ. ಅದನ್ನು ಕೇಳಿ ಶೇಖರ ಇನ್ನೊಂದು ಹೆಜ್ಜೆ ಹಿಂದೆ ಹೋದ. ನನಗೆ ನಗು ತಡೆಯಲಿಕ್ಕಾಗದೆ ಪಾಯಸ ಸೀರೆಗೆ ಚೆಲ್ಲಿತು.

ಆಮೇಲೆ ಶೇಖರನೇ ಮಾಮಿಗೆ ಎಲ್ಲ ಬಿಡಿಸಿ ಹೇಳಿದ, ಆಮೆಯಿಂದ ಹಿಡಿದು ಹೆರಿಗೆ ಆಸ್ಪತ್ರೆಯವರೆಗೆ. ಮಾಮಿ ಮಗನ ಕಡೆಗೆ ತಿರುಗಿದರು. “ಸುಳ್ಳು ಅಂತ ಹೇಳೋ! ನಿನಗೆ ಏನೂ ಆಗಿಲ್ಲ, ತಪ್ಪು ಇವಳದ್ದು ಅಂತ ಹೇಳು!”

ಅದೊಂದು ಮಾತು ಹೇಳಿದ್ದರೆ ಸಾಕಿತ್ತು. ಶೇಖರ ಒಪ್ಪಿ ಕುಳಿತುಕೊಳ್ಳುತ್ತಿದ್ದನೋ ಏನೋ. ಬಾಗಿಲ ಹಿಂದೆ ನನ್ನ ನಗು ನಿಂತುಹೋಯಿತು. ಇವರು ತಾಯಿಯನ್ನು ನೋಡಿದರು. ಮತ್ತೆ, ತೆರೆದ ಬಾಗಿಲ ಪಕ್ಕದ ಆ ಸೊಟ್ಟ ‘ನಿ’ಯನ್ನು ನೋಡಿದರು.

“ಮೊಟ್ಟೆ ಸುಳ್ಳು” ಎಂದರು. “ಆಮೆ ಸುಳ್ಳಲ್ಲ. ಆಮೆ ಹೊಳೆಯ ನೀರು ಎಲ್ಲೋ ಸ್ವಲ್ಪ ಕುಡಿದಿರಬಹುದು. ನಾನು ಹನ್ನೆರಡು ವರ್ಷ ಮದ್ದಿನಲ್ಲೇ ಮಿಂದವನು. ಅದಕ್ಕೆ ಆದದ್ದು ನನಗೆ ಆಗಿಲ್ಲ ಅಂತ ಹೇಳ್ಲಿಕ್ಕೆ ಬರುವುದಿಲ್ಲಮ್ಮ. ತಪ್ಪು ಕಲ್ಯಾಣಿಯದ್ದು ಅಂತ ಹೇಳ್ಲಿಕ್ಕೂ ಬರುವುದಿಲ್ಲ.”

ಎಂಟು ವರ್ಷದಲ್ಲಿ ತಾಯಿಯ ಎದುರು ಅವರು ಆಡಿದ ಅತಿ ಉದ್ದದ ಮಾತು ಅದು.

ಶೇಖರ ಕೆಟ್ಟವನಲ್ಲ. “ನನ್ನ ತಂಗಿಗೂ ಆಗದಿದ್ದರೆ ಅಜ್ಜಿ, ಆಮೇಲೆ ಮೂರನೆಯವಳನ್ನು ನೋಡ್ತೀರಿ ಅಲ್ವಾ?” ಎಂದು ಮಾತ್ರ ಕೇಳಿದ. ಚಪ್ಪಲಿ ಹಾಕುವಾಗ ಗೋಡೆ ಕಂಡ. ಅವರ ಮನೆಗೂ ಒಮ್ಮೆ ‘ನಿ’ ಬಿದ್ದಿತ್ತಂತೆ, ಅರ್ಥ ಗೊತ್ತಿತ್ತು. ಬಾಗಿಲ ಹಿಂದಿದ್ದ ನನ್ನ ಕಡೆಗೆ ಕೈಮುಗಿದು, ಪಾಯಸ ಕುಡಿಯದೆ ಹೋದ.

ಅವತ್ತು ಮಾಮಿ ಬೈದದ್ದನ್ನು ಬರೆಯಲಿಕ್ಕಾಗುವುದಿಲ್ಲ. ಆದರೆ ಬೈದದ್ದು ನನ್ನನ್ನಲ್ಲ, ಮಗನನ್ನೂ ಅಲ್ಲ. ಆಮೆಯನ್ನು. ಅವತ್ತಿನಿಂದ ಸಾಯುವವರೆಗೆ ಹಾಲು ಒಡೆದರೂ, ಮಾಡು ಸೋರಿದರೂ, “ಆ ದರಿದ್ರ ಆಮೆಯಿಂದ!” ಎಂದೇ ಹೇಳುತ್ತಿದ್ದರು. ಮನೆ ಎಂದ ಮೇಲೆ ಬೈಗಳು ತಿನ್ನಲಿಕ್ಕೆ ಯಾರಾದರೂ ಒಬ್ಬರು ಬೇಕು. ಆ ಜಾಗ ಎಂಟು ವರ್ಷ ನನ್ನದಾಗಿತ್ತು. ಆಮೆ ಕಡಲಿನಲ್ಲಿ ಇದ್ದದ್ದರಿಂದ ಅದಕ್ಕೆ ಕೇಳಿಸುತ್ತಿರಲಿಲ್ಲ.

ಸಂಜೆ ಇವರು ಗುದ್ದಲಿ ತೆಗೆದುಕೊಂಡು ಗುಡ್ಡದ ಬದಿಗೆ ಹೋಗಿ, ಹೊಳೆಯಿಂದಲೂ ಬಾವಿಯಿಂದಲೂ ದೂರದಲ್ಲಿ ಒಂದು ಗುಂಡಿ ತೋಡಿದರು. ಮೈಯೆಲ್ಲ ಮಣ್ಣಾಗಿ ಬಂದು ಬಾಗಿಲಲ್ಲಿ ನಿಂತರು.

“ಮೂರನೇ ಸಲ.”

“ಇನ್ನೆಂತ ಕೇಳ್ಲಿಕ್ಕೆ?”

“ಕೇಳ್ಲಿಕ್ಕೆ ಅಲ್ಲ. ಮೂರು ಸಲ ಬರಬೇಕು ಅಂತ ನಿಯಮ ಉಂಟು.”

ಕಾವಿಯ ಡಬ್ಬಿ ತಂದು ನನ್ನ ‘ನಿ’ಯ ಕೆಳಗೆ ಚಂದದ ಅಕ್ಷರದಲ್ಲಿ ತಾರೀಕು ಹಾಕಿದರು. ಗುಡಿಸನ್ನೂ ಸರಿ ಮಾಡುತ್ತೇನೆ ಎಂದರು. ನಾನು ಬಿಡಲಿಲ್ಲ.

ಮರುವರ್ಷ ಕೇಳಿಕೊಂಡು ಮದ್ದು ಬಿಡುವ ಕೆಲಸದಿಂದ, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವ ಕೆಲಸಕ್ಕೆ ಹೋದರು. ಮಕ್ಕಳು ನಮಗೆ ಆಗಲೇ ಇಲ್ಲ. ಒಮ್ಮೆ ಮಾಸ್ಟ್ರು ಬಾಟಲಿ ಹಿಡಿದು ಬಂದಾಗ ಇವರು ಮೆಲ್ಲನೆ ಕೇಳಿದರು. ಮಾಸ್ಟ್ರು ಅದನ್ನೇ ಹೇಳಿದರು, ಹೇಳ್ಲಿಕ್ಕೆ ಬರುವುದಿಲ್ಲ ಎಂದು. ಅಷ್ಟು ಓದಿದವರು ಅಷ್ಟು ಸಲ ಗೊತ್ತಿಲ್ಲ ಎಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಎಂಬತ್ತಾರರ ಮಳೆ ಹಿಡಿದ ದಿನಗಳು, ಇವರು ಮದ್ದು ಮುಟ್ಟದೆ ಎರಡು ವರ್ಷವಾಗಿತ್ತು. ಸಂಜೆ ನಾನು ಒಳಗೆ ದೀಪ ಹಚ್ಚುತ್ತಿದ್ದೆ. ಜಗಲಿಯಲ್ಲಿ ‘ಚಟ್’ ಎಂದು ಸದ್ದಾಯಿತು.

“ಕಲ್ಯಾಣೀ! ಬಾ ಇಲ್ಲಿ, ಬೇಗ ಬಾ!”

ಓಡಿದೆ. ಇವರು ದೀಪದ ಬೆಳಕಿಗೆ ತೋಳು ಹಿಡಿದು, ಕೆಂಪಗೆ ಉಬ್ಬಿದ ಸಣ್ಣ ಗುಳ್ಳೆಯನ್ನು, ಸರ್ಟಿಫಿಕೇಟು ಸಿಕ್ಕಿದವರ ಹಾಗೆ ನೋಡುತ್ತಿದ್ದರು.

“ಕಚ್ಚಿತು ಮಾರಾಯ್ತಿ!” ಎಂದರು. “ನನಗೂ ಕಚ್ಚಿತು!”